ಎಡಗೈ ಕರೆದಾಗ

ಟ್ರಂಪೆಟ್ ಒಂದೇ ಕೂಗಿತು.

ಪಿಟೀಲುಗಳು ಮೆಲ್ಲಗೆ ಇಳಿಯುತ್ತಿದ್ದ ಹೊತ್ತು. ವಾಶಿಯ ತುಂಬಿದ ಸಭಾಂಗಣದಲ್ಲಿ ಆ ಒಂಟಿ ಸ್ವರ ಕೈಜಾರಿದ ಸ್ಟೀಲಿನ ತಟ್ಟೆಯ ಹಾಗೆ ಬಿದ್ದು, ಉರುಳಿ, ತಟ್ಟನೆ ನಿಂತಿತು.

ಆರ್ಕೆಸ್ಟ್ರಾ ನಡೆಸುತ್ತಿದ್ದ ರಮಿತಾ ಟ್ರಂಪೆಟ್ ಹಿಡಿದವನನ್ನು ದುರುಗುಟ್ಟಿ ನೋಡಿದಳು. ಅವಳ ನೋಟದ ಬೆನ್ನಿಗೇ ಇಡೀ ಸಭೆಯ ನೋಟವೂ ಅವನ ಮೇಲೆ ಹೋಯಿತು.

ಶೈಲೇಶ್ ವಾದ್ಯವನ್ನು ನಿಧಾನಕ್ಕೆ ತೊಡೆಯ ಮೇಲೆ ಇಳಿಸಿದ. ಅವಳನ್ನೇ ನೋಡುತ್ತಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ.

ಆಗ ರಮಿತಾಳಿಗೆ ತನ್ನ ಎಡಗೈ ಕಾಣಿಸಿತು. ಅದು ಇನ್ನೂ ಗಾಳಿಯಲ್ಲೇ ಇತ್ತು... ಅವನ ಕಡೆಗೆ ಚಾಚಿಕೊಂಡು.

ಪಿಟೀಲುಗಳು ಆ ಭಾಗವನ್ನು ಎರಡು ಸಲ ನುಡಿಸಿದ ಮೇಲೆ ಟ್ರಂಪೆಟ್ ಬರಬೇಕಿತ್ತು. ತಾಲೀಮಿನಲ್ಲಿ ಹಾಗೆ ಹೇಳಿಕೊಟ್ಟವಳು ಅವಳೇ. ಆದರೆ ಹೋದ ತಿಂಗಳೆಲ್ಲ ಯುರೋಪಿನ ಊರೂರಲ್ಲಿ ಅದೇ ಕೃತಿಯನ್ನು ಒಂದೇ ಸಲಕ್ಕೆ ಮುಗಿಸುತ್ತ ಬಂದಿದ್ದ ಕೈ, ಇಲ್ಲಿಯೂ ಮೊದಲ ಸಲಕ್ಕೇ ಎದ್ದು ಅವನನ್ನು ಕರೆದುಬಿಟ್ಟಿತ್ತು. ಉಳಿದವರು ತಮ್ಮೆದುರಿನ ಸ್ವರದ ಹಾಳೆ ನೋಡುತ್ತಿದ್ದರು, ಬಚಾವಾದರು. ಅವಳನ್ನು ನೋಡುತ್ತಿದ್ದವನು ಅವನೊಬ್ಬನೇ.

ಅವಳು ಕೈ ಇಳಿಸಿದಳು. ಸಂಗೀತ ಮುಂದೆ ಹೋಯಿತು. ಕೊನೆಗೆ ಜನ ಎದ್ದು ನಿಂತು ಚಪ್ಪಾಳೆಯನ್ನೂ ತಟ್ಟಿದರು. ಸಭೆಗೆ ಬೆನ್ನು ಮಾಡಿ ನಿಂತಿದ್ದವಳ ಮುಖ ಅವರಿಗೆ ಕಾಣಿಸಿರಲಿಲ್ಲ. ಒಳ್ಳೆಯದಾಯಿತು ಅಂದುಕೊಂಡಳು... ಅಂದುಕೊಂಡದ್ದಕ್ಕೇ ಮತ್ತಷ್ಟು ನಾಚಿಕೆಯಾಯಿತು.

ಗ್ರೀನ್‌ರೂಮಿನಲ್ಲಿ ಕಾರ್ಯಕ್ರಮ ಏರ್ಪಡಿಸಿದ್ದ ಸಂಘದ ಅಧ್ಯಕ್ಷ ಮಧ್ವರಾಜರು ಬೊಕೆ ಹಿಡಿದು ಕಾಯುತ್ತಿದ್ದರು. ಪಕ್ಕದಲ್ಲಿ ಅವಳ ಅಪ್ಪ ಕಿಟ್ಟಣ್ಣ, ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ. ಡೊಂಬಿವಲಿ ಸ್ಟೇಷನ್ನಿನ ಎದುರು ಅವರ ಉಡುಪಿ ಹೋಟೆಲು.

"ಪ್ಯಾರಿಸ್ಸು, ವಿಯೆನ್ನಾ ಅಂತ ತಿರುಗುವವಳು ನಮ್ಮ ಕರೆಗೆ ಬಂದದ್ದೇ ಪುಣ್ಯ," ಎಂದರು ಮಧ್ವರಾಜರು. "ಆ ಟ್ರಂಪೆಟಿನವ ಮಾತ್ರ ಪೂರಾ ಮಜಾ ಕೆಡಿಸಿದ. ನಾಳೆ ಥಾಣೆ ಶೋಗೆ ಪುಣೆಯಿಂದ ಬೇರೆಯವನನ್ನು ಕರೆಸ್ತೇನೆ, ಆಗದಾ?"

ತಪ್ಪು ನನ್ನದು. ಎರಡೇ ಮಾತು. ನಾಲಿಗೆಯ ತುದಿಯಲ್ಲೇ ಇದ್ದವು.

"ನೋಡೋಣ," ಎಂದಳು.

"ನೀನು ಅವನನ್ನು ನೋಡಿದ ರೀತಿಯೇ ಸರಿ ಮಗಾ," ಅಪ್ಪ ಹೆಮ್ಮೆಯಿಂದ ಅವಳ ಬೆನ್ನು ತಟ್ಟಿದರು. "ಹೋಟ್ಲಲ್ಲೂ ಹಾಗೇ. ತಪ್ಪು ಮಾಡಿದವನಿಗೆ ಅಲ್ಲಿಂದಲ್ಲಿಗೇ ಗೊತ್ತಾಗ್ಬೇಕು."

ಬಾಗಿಲ ಬಳಿ ಹೆಜ್ಜೆಯ ಸದ್ದಾಯಿತು. ಶೈಲೇಶ್ ವಾದ್ಯವನ್ನು ಟವೆಲಿನಲ್ಲಿ ಸುತ್ತಿಕೊಂಡು ನಿಂತಿದ್ದ. ಎಲ್ಲವೂ ಕೇಳಿಸಿರಬೇಕು. ಬಂದ ದಾರಿಯಲ್ಲೇ ಹೊರಟುಹೋದ.

ಆ ಟವೆಲಿನೊಳಗಿದ್ದದ್ದು ಅವಳೇ ಹಾಲೆಂಡಿನಿಂದ ಕಳಿಸಿದ್ದ ಟ್ರಂಪೆಟ್. ಮುನ್ನೂರು ವರ್ಷ ಹಿಂದಿನ ನಮೂನೆಯದು, ಗುಂಡಿಗಳೇ ಇಲ್ಲ, ಸ್ವರವೆಲ್ಲ ತುಟಿಯಿಂದಲೇ ಹುಟ್ಟಬೇಕು. ರೈಲ್ವೆ ಆಫೀಸಿನ ಕೆಲಸದ ನಡುವೆ ಅವನು ವರ್ಷಗಟ್ಟಲೆ ಕೂತು ಅದನ್ನು ಒಲಿಸಿಕೊಂಡಿದ್ದ. ಈ ಸಲ ಅವನೇ ಬೇಕೆಂದು ಹಟ ಹಿಡಿದವಳೂ ಅವಳೇ.

ಬೆಳಿಗ್ಗೆ ಲೋಕಲ್ ರೈಲು ಹತ್ತಿ ಕಲ್ಯಾಣದ ಅವನ ಮನೆಗೆ ಹೋದಳು. ಶೈಲೇಶ್ ಬನಿಯನ್ನಿನಲ್ಲೇ ಬಾಗಿಲು ತೆರೆದು, ಗಾಬರಿಯಾಗಿ ಶರ್ಟು ಹುಡುಕಿದ.

"ಚಾ ಕುಡೀತಿಯಾ? ಈಗಷ್ಟೇ ಹಾಲು ಬಂತು."

"ಶೈಲೇಶ್, ನಿನ್ನೆ..."

"ಮಧ್ವರಾಜಣ್ಣ ಫೋನ್ ಮಾಡಿದ್ರು. ಪುಣೆಯವ ಬರ್ತಾನಂತೆ. ಪರವಾಗಿಲ್ಲ ಬಿಡು, ನನಗೊಂದು ರಜೆ ಉಳೀತು. ನಮ್ಮ ಸಾಹೇಬ್ರು ಪೇಡಾ ಹಂಚ್ತಾರೆ."

"ತಪ್ಪು ನನ್ನದು."

"ಗೊತ್ತು."

ಅವಳು ಬೆಚ್ಚಿ ತಲೆಯೆತ್ತಿದಳು. "ಗೊತ್ತಾ?"

"ನನಗೂ ಲೆಕ್ಕ ಬರ್ತದೆ ಮಾರಾಯ್ತಿ. ಇನ್ನೊಂದು ಸಲ ಬಾಕಿ ಇತ್ತು."

"ಮತ್ತೆ ಯಾಕೆ ಊದಿದೆ?"

ಅವನಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿದಂತಿತ್ತು.

"ನೀನು ಕರೆದೆಯಲ್ಲ."

ರಮಿತಾಳಿಗೆ ಅಪ್ಪನ ಹೋಟೆಲಿನ ಟೆರೇಸು ನೆನಪಾಯಿತು. ಆಗ ಸ್ಕೂಲ್ ಬ್ಯಾಂಡಿನ ಹುಡುಗ ಇವನು. ಅಡುಗೆಮನೆಯಿಂದ ಕದ್ದ ಉದ್ದ ಚಮಚ ಬೀಸುತ್ತ ಅವಳು ಹೇಳುತ್ತಿದ್ದಳು: ನಾನು ಎಡಗೈ ಎತ್ತಿದಾಗ ನೀನು ಊದಬೇಕು, ಬೇರೇನೂ ಯೋಚನೆ ಮಾಡಬಾರದು. ಅವಳ ಮೊದಲ ಆರ್ಕೆಸ್ಟ್ರಾದಲ್ಲಿ ಇದ್ದದ್ದು ಇವನೊಬ್ಬನೇ.

"ಕರೆದದ್ದಕ್ಕೆ ಬೇಜಾರಿಲ್ಲ," ಅವನು ಚಾ ಸೋಸುತ್ತ, ಅವಳ ಕಡೆ ತಿರುಗದೆ ಹೇಳಿದ. "ಕರೆದು, ಮತ್ತೆ ಹಾಗೆ ನೋಡಿದ್ಯಲ್ಲ... ಅದಕ್ಕೆ."

ಅವಳು ಚಾ ಮುಟ್ಟಲಿಲ್ಲ. ಕಪ್ಪಿನ ಮೇಲೆ ಕೆನೆ ಕಟ್ಟಿತು.

"ಮಧ್ಯಾಹ್ನ ಥಾಣೆಗೆ ಬಾ," ಎಂದಳು ಕೊನೆಗೆ. "ಊದೋದಕ್ಕಲ್ಲ. ಕೇಳೋದಕ್ಕೆ."

ಥಾಣೆಯ ಸಭಾಂಗಣದಲ್ಲಿ ತಾಲೀಮಿಗೆ ಎಲ್ಲರೂ ಕೂತಿದ್ದರು. ಪುಣೆಯವನು ಆಗಲೇ ಟ್ರಂಪೆಟ್ಟಿನ ಕುರ್ಚಿ ಹಿಡಿದಿದ್ದ. ಕಿಟ್ಟಣ್ಣ ದೊಡ್ಡ ಥರ್ಮಾಸಿನಿಂದ ಎಲ್ಲರಿಗೂ ಕಾಫಿ ಹಂಚುತ್ತಿದ್ದರು. ಶೈಲೇಶ್ ಟವೆಲಿನಲ್ಲಿ ಕಟ್ಟಿದ ವಾದ್ಯವನ್ನು ಕಂಕುಳಲ್ಲಿ ಹಿಡಿದು ಬಾಗಿಲಿಗೆ ಒರಗಿ ನಿಂತ.

"ನಿನ್ನೆ ತಪ್ಪಿದ್ದು ಶೈಲೇಶ್ ಅಲ್ಲ," ರಮಿತಾ ಇಂಗ್ಲಿಷಿನಲ್ಲಿ ಹೇಳಿದಳು, ಆಮೇಲೆ ಹಿಂದಿಯಲ್ಲಿ. ನಂತರ ಅಪ್ಪನ ಕಡೆ ತಿರುಗಿದಳು. ಕನ್ನಡದಲ್ಲಿ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. "ಕೈ ಎತ್ತಿದ್ದು ನಾನು, ಅಪ್ಪ. ತಪ್ಪು ಮಾಡಿ ಅವನ ಮೇಲೆ ಹಾಕಿದೆ. ನೀವು ಬೆನ್ನು ತಟ್ಟುವಾಗಲೂ ಸುಮ್ಮನಿದ್ದೆ."

ಕಾಫಿ ಲೋಟ ತುಂಬಿ ಚೆಲ್ಲಿತು. ಕಿಟ್ಟಣ್ಣ ಥರ್ಮಾಸ್ ಮುಚ್ಚಿದರು.

"ನಿನ್ನೆಯೇ ಹೇಳ್ಬಹುದಿತ್ತಲ್ಲ ಮಗಾ," ಎಂದರು ಅಷ್ಟೇ. ಆ ಲೋಟವನ್ನು ಒರೆಸಿ, ತಾವೇ ಒಯ್ದು ಶೈಲೇಶನ ಕೈಗೆ ಕೊಟ್ಟರು.

ಮಧ್ವರಾಜರು ಕಕ್ಕಾಬಿಕ್ಕಿ. "ಅರೇ, ಮೊದಲೇ ಹೇಳೋದಲ್ವಾ! ಇವತ್ತೇ ಸ್ಟೇಜಿನಲ್ಲಿ ಶಾಲು ಹೊದಿಸಿ ಸನ್ಮಾನ ಮಾಡುವಾ ಇವರಿಗೆ. ಮುಂದಿನ ಸಾಲಲ್ಲಿ, ಕಿಟ್ಟಣ್ಣನ ಪಕ್ಕದಲ್ಲೇ ಸೀಟು. ಪುಣೆಯವ ಊದಲಿ."

ರಮಿತಾ ವೇದಿಕೆಯ ಮೆಟ್ಟಿಲಿಳಿದು ಶೈಲೇಶನ ಹತ್ತಿರ ಬಂದಳು. ಅವನ ಕಣ್ಣು ನೋಡಲಾಗಲಿಲ್ಲ. ಟವೆಲಿನ ಗಂಟನ್ನೇ ನೋಡುತ್ತ ಮಾತಾಡಿದಳು.

"ಯಾವ ಊರಲ್ಲಿ ಕೈ ಎತ್ತಿದ್ರೂ ಅಲ್ಲಿ ನೀನಿದ್ದೀಯಾ ಅಂತ ಹುಡುಕ್ತೇನೆ ಶೈಲೇಶ್. ಇಷ್ಟು ವರ್ಷವೂ. ಸಿಕ್ಕಿದ ದಿನವೇ ಹೀಗೆ ಮಾಡಿದೆ."

ಅವನು ಕಾಫಿ ಕುಡಿಯುವುದನ್ನು ನಿಲ್ಲಿಸಿದ.

"ಇವತ್ತೂ ನನ್ನ ಕೈ ತಪ್ಪಿ ಎದ್ರೆ?" ಅವಳು ಕೇಳಿದಳು.

"ಊದ್ತೇನೆ."

"ಅದಕ್ಕೇ ಹೇಳೋದು... ಮುಂದಿನ ಸಾಲಲ್ಲಿ ಕೂತ್ಕೋ. ಶುರು ಮಾಡೋ ಮೊದಲು ಸಭೆಗೆಲ್ಲ ಹೇಳ್ತೇನೆ, ತಪ್ಪು ನನ್ನದು ಅಂತ. ಇನ್ನು ಯಾರೂ ನಿನ್ನನ್ನು ಹಾಗೆ ನೋಡ್ಬಾರದು."

"ಬೇಡ."

"ಶಾಲು ಬೇಡದಿದ್ರೆ ಬಿಡು. ಸೀಟಾದರೂ..."

"ಸೀಟೂ ಬೇಡ," ಶೈಲೇಶ್ ಟವೆಲಿನ ಗಂಟು ಬಿಚ್ಚಿದ. "ಅಲ್ಲಿ ಕೂತ್ರೆ ನಿನ್ನ ಬೆನ್ನೇ ಕಾಣೋದು. ಇಷ್ಟು ವರ್ಷ ಲೋಕಲಿನಲ್ಲಿ ನಿಂತುಕೊಂಡು, ಮೊಬೈಲಲ್ಲಿ ನಿನ್ನ ವಿಡಿಯೋ ಹಾಕಿ ಆ ಬೆನ್ನನ್ನೇ ನೋಡಿದ್ದೇನೆ. ನನಗೆ ಬೇಡ. ನಿನ್ನ ಕೈ ಕಾಣೋ ಕುರ್ಚಿ ಕೊಡು."