ಖಾಲಿ ಪೆಟ್ಟಿಗೆಯ ನೀಲಿ

ಅಣ್ಣ ಇನ್ನಿಲ್ಲ ಎಂದು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮೀನು ಪ್ಯಾಕಿಂಗ್ ಕಾರ್ಖಾನೆಯ ಅಂಗಳದಲ್ಲಿ ಹೆಂಗಸರೆಲ್ಲ ತಲೆಯ ಬಿಳಿ ಟೋಪಿಗಳನ್ನು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಅಷ್ಟು ಸಾಕಾಯಿತು.

ಅವಳು ಅಲ್ಲಿನ ಪರೀಕ್ಷಕಿ. ಬಂದ ಮೀನು ತಾಜಾ ಹೌದೋ ಅಲ್ಲವೋ ಎಂದು ನೋಡಿ ಹೇಳುವುದು ಅವಳ ಕೆಲಸ. ಅಣ್ಣ ಕೋಲ್ಡ್ ಸ್ಟೋರೇಜಿನ ಮೆಕ್ಯಾನಿಕ್. ಕೋಣೆಯನ್ನು ತಣ್ಣಗಿಡುವ ಅಮೋನಿಯಾ ಅನಿಲದ ಕೊಳವೆ ಒಡೆದಾಗ ಅಣ್ಣ ಒಳಗಿದ್ದ.

ಅತ್ತಿಗೆ ಅದೇ ಕಾರ್ಖಾನೆಯ ಪ್ಯಾಕಿಂಗ್ ಹಾಲ್‌ನಲ್ಲಿ ಕೆಲಸ ಮಾಡುವವಳು. ಮಗುಚಿ ಹಾಕಿದ ಕ್ರೇಟಿನ ಮೇಲೆ ಅಲುಗಾಡದೆ ಕುಳಿತಿದ್ದಳು. ಅವಳ ಮಡಿಲಲ್ಲಿ ಅಣ್ಣನ ಫೋನು ಬಿಡದೆ ಬಡಿದುಕೊಳ್ಳುತ್ತಿತ್ತು. ಪರದೆಯ ಮೇಲೆ 'ಊಸರವಳ್ಳಿ' ಎಂದಿತ್ತು.

ಅತ್ತಿಗೆಯ ಮಡಿಲಿನಿಂದ ಅವಳು ಅದನ್ನು ಎತ್ತಿಕೊಂಡಳು.

"ಅಣ್ಣಾ! ಹೊರಗೆ ಬಂದ್ರಾ? ಮಾತಾಡಿ ಅಣ್ಣಾ..."

"ಬಂದ್ರು," ಎಂದಳು. "ನಾಲ್ಕು ಜನ ಎತ್ಕೊಂಡು ಬಂದ್ರು."

ಫೋನು ಇಟ್ಟಳು.

ಸ್ವಲ್ಪ ಹೊತ್ತಿಗೆ ಒಬ್ಬ ಗೇಟಿನಿಂದ ಓಡಿ ಬಂದ. ಅಂಗಿಯ ಗುಂಡಿಗಳು ಅಡ್ಡಾದಿಡ್ಡಿ. ಬೆರಳುಗಳ ತುದಿಗೆಲ್ಲ ಹಳದಿ ಬಣ್ಣ. ಬಿಳಿ ಬಟ್ಟೆ ಹೊದಿಸಿದ್ದನ್ನು ಕಂಡು ಇದ್ದಲ್ಲೇ ನಿಂತುಬಿಟ್ಟ.

"ನೀವ್ಯಾರು?"

"ನಾನು... ಊಸರವಳ್ಳಿ," ಎಂದ. ಬೇರೆ ಉತ್ತರ ಹೊಳೆಯದವನಂತೆ.

ಆ ಹೆಸರನ್ನು ಇಟ್ಟವನು ಅಣ್ಣ. ಬಂದವನು ಬಣ್ಣ ಬದಲಿಸುವ ಸ್ಟಿಕ್ಕರ್ ತಯಾರಿಸುವ ಎಂಜಿನಿಯರು. ಮೀನಿನ ಪೆಟ್ಟಿಗೆಯ ಗಾಳಿತೂತಿಗೆ ಅದನ್ನು ಅಂಟಿಸುತ್ತಿದ್ದರು. ಮೀನು ತಾಜಾ ಇರುವ ತನಕ ಅದು ಹಳದಿ. ಕೆಡತೊಡಗಿದರೆ ಅದರ ಆವಿ ತಗುಲಿ ನೀಲಿ. ಪೆಟ್ಟಿಗೆ ಬಿಚ್ಚದೆಯೇ ಒಳಗಿನ ಸ್ಥಿತಿ ತಿಳಿಯುತ್ತದೆ.

ಅವಳು ಅವನ ಕಣ್ಣು ನೋಡಿದಳು. ಕೆಂಪಾಗಿದ್ದವು. 'ಇವನೇಕೆ ಅಳುತ್ತಾನೆ? ಇವನಿಗೆ ಅಣ್ಣ ಏನಾಗಬೇಕು?' ಎಂದುಕೊಂಡಳು.

ಕೊಳವೆಗಳನ್ನೆಲ್ಲ ಬದಲಿಸಿದ ಮೇಲೆ ಕಾರ್ಖಾನೆ ಮತ್ತೆ ತೆರೆಯಿತು. ಜೀವನ ದೇವರು ನಡೆಸಿದಂತೆ ನಡೆಯುತ್ತದೆ. ಮೀನು ಬಂತು, ಮಂಜುಗಡ್ಡೆ ಬಂತು, ವಾರಕ್ಕೊಮ್ಮೆ ಅವನೂ ಬಂದ.

ಅವಳ ಮೇಜಿನ ಆಚೆ ಬದಿಯಲ್ಲಿ ಕುಳಿತು ಸ್ಟಿಕ್ಕರುಗಳನ್ನು ಮೀನಿನ ತುಂಡುಗಳ ಪಕ್ಕ ಇಟ್ಟು ಕಾಯುತ್ತಿದ್ದ. ಮೊದಮೊದಲು ಮಾತಿಲ್ಲ. ಆಮೇಲೆ ಒಂದೊಂದು.

"ನಿಮ್ಮ ಸ್ಟಿಕ್ಕರ್ ನನ್ನ ಕೆಲಸ ಕಿತ್ಕೊಳ್ಳುತ್ತೆ."

"ಇಲ್ಲ ಮೇಡಂ. ಅದು ನೀಲಿ ಅಂತ ಮಾತ್ರ ಹೇಳುತ್ತೆ. ಯಾಕೆ ನೀಲಿ ಅಂತ ಹೇಳೋಕೆ ನೀವೇ ಬೇಕು."

ಅವಳಿಗೆ ತಿಳಿಯದೆಯೇ ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಅಣ್ಣ ಹೋದ ಮೇಲೆ ಅದೇ ಮೊದಲು. ಕೂಡಲೇ ನಾಚಿಕೆಯೂ ಆಯಿತು. 'ಇಷ್ಟು ಬೇಗ ನಗಬಹುದೇ ನಾನು?'

ಪ್ಯಾಕಿಂಗ್ ಹಾಲ್‌ನ ಹೆಂಗಸರ ಕಣ್ಣು ತಪ್ಪಿಸುವುದು ಯಾರಿಂದಾದೀತು?

"ಏನಮ್ಮಾ, ಊಸರವಳ್ಳಿ ಬಂದ್ರೆ ನಿನ್ನ ಮುಖ ಯಾಕೆ ಬಣ್ಣ ಬದಲಾಯಿಸುತ್ತೆ?"

"ಸುಮ್ನಿರಿ ಅಕ್ಕಾ! ಕೈಲಿರೋ ಮೀನು ನೋಡಿ."

"ಮೀನು ಹಳದಿನೇ ಇದೆ ಬಿಡು. ನೀನೇ ಕೆಂಪಾಗಿದ್ದೀಯ!"

ಅವನು ಆಗ ಹೊಸದೊಂದು ಸ್ಟಿಕ್ಕರ್ ಮಾಡುತ್ತಿದ್ದ. ಕೋಣೆಯ ಬಾಗಿಲ ಗಾಜಿಗೆ ಒಳಗಡೆಯಿಂದ ಅಂಟಿಸುವಂಥದ್ದು. ಅನಿಲ ಸೋರಿದರೆ ಹೊರಗೆ ನಿಂತೇ ಕಾಣಬೇಕು. ಯಾರೂ ಒಳಗೆ ಹೋಗಬಾರದು.

"ಇಲ್ಲಿ ಕೆಲಸ ಮಾಡೋರ ಮೂಗಿಗೆ ವಾಸನೆ ಅಭ್ಯಾಸ ಆಗಿಬಿಟ್ಟಿರುತ್ತೆ," ಎಂದ. "ಸ್ಟಿಕ್ಕರ್‌ಗೆ ಯಾವತ್ತೂ ಅಭ್ಯಾಸ ಆಗಲ್ಲ."

ಬಹಳ ದಿನದಿಂದ ಒಳಗೇ ಇದ್ದ ಪ್ರಶ್ನೆಯನ್ನು ಅವಳು ಅಂದು ಕೇಳಿಬಿಟ್ಟಳು.

"ಆ ದಿನ ಅಣ್ಣ ಫೋನ್ ಮಾಡಿದಾಗ... ಏನು ಮಾತಾಡಿದ್ರಿ?"

ಅವನ ಕೈ ನಿಂತಿತು.

"ಹೇಳಬೇಕು ಅಂತಲೇ ಪ್ರತಿ ವಾರ ಬರ್ತಿದ್ದೆ. ಪ್ರತಿ ವಾರ ಹೇಳದೇ ಹೋಗ್ತಿದ್ದೆ," ಎಂದ. "'ಬೆಳಿಗ್ಗೆ ಬಂದ ಮೀನು, ಸ್ಟಿಕ್ಕರೆಲ್ಲ ಒಟ್ಟಿಗೇ ನೀಲಿ ಆಗಿವೆಯಲ್ಲೋ' ಅಂದ್ರು ಅಣ್ಣ. ನಾನು... 'ಒಳಗೆ ಮೂಲೇಲಿ ಖಾಲಿ ಪೆಟ್ಟಿಗೆಗಳಿವೆಯಲ್ಲ, ಅವುಗಳ ಮೇಲಿರೋ ಸ್ಟಿಕ್ಕರೂ ನೀಲಿ ಆಗಿದೆಯಾ ನೋಡಿ' ಅಂದೆ."

ಅವಳು ಪರೀಕ್ಷಕಿ. ಅವನು ಏಕೆ ಹಾಗೆ ಕೇಳಿದ ಎಂಬುದು ಆ ಕ್ಷಣವೇ ತಿಳಿಯಿತು. ಮೀನಿಲ್ಲದ ಪೆಟ್ಟಿಗೆಯೂ ನೀಲಿಯಾದರೆ ಕೆಟ್ಟದ್ದು ಮೀನಲ್ಲ, ಅಮೋನಿಯಾ ಸೋರಿದ ಗಾಳಿ. ಅವನ ಜಾಗದಲ್ಲಿದ್ದರೆ ಅವಳೂ ಅದನ್ನೇ ಕೇಳುತ್ತಿದ್ದಳು.

ಆದರೆ ತಿಳಿದದ್ದು ತಲೆಗೆ. ಎದೆ ಬೇರೆಯೇ ಮಾತಾಡಿತು.

"ಅಂದ್ರೆ... ನೀವೇ ಒಳಗೆ ಕಳಿಸಿದ್ರಿ."

"ಹೌದು. ಅವರು ನೋಡಿ 'ಅದೂ ನೀಲಿ ಕಣೋ' ಅಂದ್ರು. 'ಗ್ಯಾಸ್! ಹೊರಗೆ ಬನ್ನಿ' ಅಂತ ಕಿರುಚಿದೆ. ಫೋನ್ ಕಟ್ಟಾಯ್ತು."

"ಹೋಗಿ ಇಲ್ಲಿಂದ."

"ಮೇಡಂ..."

"ಹೋಗಿ ಅಂದೆನಲ್ಲ!"

ಮರುವಾರ ಅವನು ಬರಲಿಲ್ಲ. ಅವನು ಕೆಲಸವನ್ನೇ ಬಿಟ್ಟು ಬೇರೆ ಊರಿಗೆ ಹೊರಟಿದ್ದಾನೆ, ಮುಂದಿನ ವಾರದಿಂದ ಬೇರೆಯವರು ಬರುತ್ತಾರೆ ಎಂದು ಅವನ ಕಂಪನಿಯಿಂದ ಹೇಳಿಕಳಿಸಿದರು. ಒಳ್ಳೆಯದೇ ಆಯಿತು ಎಂದುಕೊಂಡಳು. ಆದರೆ ಸಂಜೆಯವರೆಗೂ ಮೇಜಿನ ಆಚೆ ಬದಿಯ ಕುರ್ಚಿಯನ್ನು ಯಾರಿಗೂ ಎಳೆದುಕೊಳ್ಳಲು ಬಿಡಲಿಲ್ಲ.

ಮನೆಯಲ್ಲಿ ಅತ್ತಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಇವಳು ಎಲ್ಲವನ್ನೂ ಹೇಳಿ, "ಅವನೇ ಅಣ್ಣನ್ನ ಕೊಂದಿದ್ದು ಅತ್ತಿಗೆ," ಎಂದಳು.

ಚಾಕು ನಿಂತಿತು.

"ಹುಚ್ಚಿ... ನಿಮ್ಮಣ್ಣ ಹೊರಗೆ ಬಂದಿದ್ರು ಕಣೇ."

"ಏನಂದ್ರಿ?"

"ಖಾಲಿ ಪೆಟ್ಟಿಗೆ ನೋಡಿ ಹೊರಗೆ ಬಂದ್ರು. ಹಾಲ್‌ಗೆ ಓಡಿ ಬಂದು 'ಎಲ್ಲರೂ ಅಂಗಳಕ್ಕೆ ಹೋಗಿ' ಅಂತ ಕೂಗಿದ್ರು. ಅವರಿಗೇನೂ ಆಗಿರಲಿಲ್ಲ. ಫೋನ್ ನನ್ನ ಕೈಗಿಟ್ಟು, 'ಗ್ಯಾಸ್ ವಾಲ್ವ್ ಮುಚ್ಚಿ ಬರ್ತೀನಿ' ಅಂದ್ರು. ನಾನು ತೋಳು ಹಿಡ್ಕೊಂಡೆ. ಬಿಡಿಸ್ಕೊಂಡು ಹೋದ್ರು. ಆಮೇಲೆ ಪೈಪ್ ಒಡೀತು."

ಅವಳು ಅತ್ತಿಗೆಯ ಎದುರು ಬಂದು ಕುಳಿತಳು.

"ಆ ಖಾಲಿ ಪೆಟ್ಟಿಗೆ ನೋಡದೇ ಇದ್ದಿದ್ರೆ ಮೀನು ಕೆಟ್ಟಿದೆ ಅಂದ್ಕೊಂಡು ನಮ್ಮನ್ನೆಲ್ಲ ಒಳಗೆ ಕರೆದು ಪೆಟ್ಟಿಗೆ ಹೊರಿಸ್ತಿದ್ರು. ಇವತ್ತು ಈರುಳ್ಳಿ ಹೆಚ್ಚೋಕೆ ನಾನಿರ್ತಿರಲಿಲ್ಲ."

"ಯಾಕೆ ಹೇಳ್ಲಿಲ್ಲ ಅತ್ತಿಗೆ? ಇಷ್ಟು ದಿನ!"

"ಹೇಳಿದ್ರೆ..." ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನು ಹಿಡ್ಕೊಂಡ್ರೂ ನಿಲ್ಲಲಿಲ್ಲ ಅಂತ ಒಪ್ಕೊಂಡ ಹಾಗಾಗ್ತಿತ್ತು. ಹಾಲ್‌ನವರಿಗೂ ಬಾಯಿ ಬಿಡಬೇಡಿ ಅಂದಿದ್ದೆ. ಅವರ ಮೇಲೆ ಅಷ್ಟು ಸಿಟ್ಟು ನನಗೆ. ದೇವರ ಮುಂದೆ ನಿಂತರೂ ಅವರಿಗಾಗಿ ಒಂದು ಮಾತು ಬರಲ್ಲ. ಬರೀ ಸಿಟ್ಟು."

ಇಬ್ಬರೂ ಅಪ್ಪಿಕೊಂಡು ಅತ್ತರು.

ಮರುದಿನ ಅವಳು ಸ್ಟಿಕ್ಕರ್ ಅಚ್ಚು ಹಾಕುವ ಘಟಕವನ್ನು ಹುಡುಕಿಕೊಂಡು ಹೋದಳು. ಅವನು ತನ್ನ ಮೇಜನ್ನು ಖಾಲಿ ಮಾಡುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಅಣ್ಣ ಹೊರಗೆ ಬಂದಿದ್ರು," ಎಂದಳು, ನಿಂತಲ್ಲಿಂದಲೇ.

"ಏನು?"

"ನಿಮ್ಮ ಮಾತು ಕೇಳಿ ಹೊರಗೆ ಬಂದಿದ್ರು. ಎಲ್ಲರನ್ನೂ ಉಳಿಸಿದ್ರು. ಆಮೇಲೆ ತಾವಾಗೇ ವಾಪಸ್ ಹೋದ್ರು. ಅತ್ತಿಗೆ ಕಣ್ಣಾರೆ ನೋಡಿದ್ದಾರೆ."

ಅವನು ಕುರ್ಚಿಯ ಮೇಲೆ ಕುಸಿದು ಮುಖ ಮುಚ್ಚಿಕೊಂಡು ಅತ್ತ. ಅವಳು ಹತ್ತಿರ ಹೋಗಿ ಅವನ ಹಳದಿ ಬೆರಳುಗಳನ್ನು ಒಂದೊಂದಾಗಿ ಮುಖದಿಂದ ಬಿಡಿಸಿದಳು.

"ಯಾಕೆ ಹೊರಟಿದ್ದೀರಿ?"

"ನಿಮ್ಮನ್ನ ನೋಡಿದಾಗೆಲ್ಲ ಸಂತೋಷ ಆಗ್ತಿತ್ತು. ಆ ಸಂತೋಷ ಪಡೋಕೆ ನನಗೆ ಹಕ್ಕಿಲ್ಲ ಅನ್ನಿಸ್ತಿತ್ತು."

"ಈಗ?"

"ಈಗ ಮಾತೇ ಬರ್ತಿಲ್ಲ."

"ಅಣ್ಣನ ಹತ್ರ ಗಂಟೆಗಟ್ಟಲೆ ಹರಟ್ತಿದ್ರಂತೆ!"

"ಅವರ ಹತ್ರ ಭಯ ಇರಲಿಲ್ಲ," ಎಂದ. ಅಳುವಿನ ನಡುವೆಯೇ ನಕ್ಕ. "ನಿಮ್ಮ ಜೊತೆಗಿರಬೇಕು ಅಂತ ಆಸೆ. ಇರಲಾ?"

"ಇರಿ," ಎಂದಳು. "ಆದ್ರೆ ಇನ್ಮುಂದೆ ಮೇಡಂ ಅನ್ಬೇಡಿ."

ಸಂಜೆ ಅವನನ್ನು ಮನೆಗೆ ಕರೆತಂದಳು. ಅತ್ತಿಗೆ ಬಾಗಿಲಲ್ಲೇ ಅವನನ್ನು ದಿಟ್ಟಿಸಿ ನೋಡಿದಳು. "ನಿನ್ನ ವಿಷಯ ಎಷ್ಟು ಹೇಳ್ತಿದ್ರೋ! ಬಾಪ್ಪಾ, ಒಳಗೆ ಬಾ," ಎಂದಳು.

ದೇವರ ದೀಪದ ಮುಂದೆ ಮೂವರೂ ನಿಂತರು. ಅತ್ತಿಗೆಯ ಕೈಗಳು ತಾವಾಗಿಯೇ ಕೂಡಿಕೊಂಡವು.

"ದೇವರೇ, ಆಯಸ್ಸೆಲ್ಲ ಚಳಿಯ ಕೋಣೆಯಲ್ಲಿ ದುಡಿದ ಜೀವ ಅದು. ನಿನ್ನ ಹತ್ತಿರ ಬೆಚ್ಚಗಿನ ಜಾಗ ಕೊಡು. ನನ್ನ ಸಿಟ್ಟನ್ನ ಲೆಕ್ಕಕ್ಕಿಡಬೇಡ. ಅವರಿಗೆ ಶಾಂತಿ ಕೊಡು ತಂದೆ."