ಬಿಳಿ ಯಾವುದೆಂದು ಕೇಳಿದ ಕ್ಯಾಮೆರಾ

“ಇಪ್ಪತ್ತು ಮೆಗಾಪಿಕ್ಸೆಲ್ ಬಿಟ್ಟು ಐದರದ್ದು ತಕೊಳ್ಳಿ ಅಂತೀರಲ್ರೀ, ನಮ್ಮನ್ನೇನು ಕುರಿ ಅನ್ಕೊಂಡ್ರಾ?”

ಕವಿತಳ ಮಾತಿಗೆ, ಮೈಕ್ರೋಸ್ಕೋಪಿಗೆ ಜೋಡಿಸುವ ಕ್ಯಾಮೆರಾ ಮಾರುವ ಕಂಪನಿಯ ಪರಮೇಶ ನಕ್ಕುಬಿಟ್ಟ. ಕೊಳ್ಳೇಗಾಲದ ಆ ರೇಷ್ಮೆಹುಳು ಪ್ರಯೋಗಾಲಯದಲ್ಲಿ ಅವಳ ಸಿಟ್ಟಿಗೆ ನಕ್ಕವನು ಇವನೊಬ್ಬನೇ!

“ಮೈಕ್ರೋಸ್ಕೋಪಿಗೇ ಕಾಣದ್ದನ್ನ ಕ್ಯಾಮೆರಾ ಎಲ್ಲಿಂದ ತರ್ತದೆ ಮೇಡಂ? ಇದ್ರ ಒಂದೊಂದು ಪಿಕ್ಸೆಲ್ಲೂ ದೊಡ್ದು. ಬೆಳಕು ಕಮ್ಮಿಯಿದ್ರೂ ಬಣ್ಣ ಕೆಡಲ್ಲ. ನಿಮ್ಗೆ ಬೇಕಿರೋದು ಬಣ್ಣ ತಾನೆ?”

ಹೌದು, ಬಣ್ಣವೇ. ಹುಳುವಿನ ಕರುಳಿನ ತೆಳುಪದರಕ್ಕೆ ಬಣ್ಣ ಹಾಕಿದರೆ ರೋಗ ಹಿಡಿದ ಜಾಗ ಕೆಂಪಾಗುತ್ತಿತ್ತು. ಅವಳ ಮೂರು ವರ್ಷದ ಸಂಶೋಧನೆ ಆ ಕೆಂಪಿನ ಮೇಲೆ ನಿಂತಿತ್ತು.

ಪರೀಕ್ಷೆಗೆಂದು ಅವನು ಕ್ಯಾಮೆರಾ ಬಿಟ್ಟುಹೋದ. ಒಂದೇ ವಾರದಲ್ಲಿ ಅವಳು ಎಂಟು ಸಲ ಫೋನು ಮಾಡಿದಳು. ಅದರಲ್ಲಿ ಆರು ಕ್ಯಾಮೆರಾಕ್ಕೆ ಸಂಬಂಧಪಟ್ಟವೇ ಅಲ್ಲ...

ಆದರೆ ಚಿತ್ರಗಳು? ಕೆಂಪೆಲ್ಲ ನೇರಳೆ!

‘ಸಿಹಿ ಮಾತಾಡಿ ಟೋಪಿ ಹಾಕಿದನಾ?’ ಅವಳಿಗೆ ಅಳುವೇ ಬಂತು. ಅವನನ್ನು ಕರೆಸಿ, “ಮೋಸ ಮಾಡಿದ್ರಿ. ಎತ್ಕೊಂಡು ಹೋಗಿ!” ಎಂದಳು.

“ಬಿಳಿ ಯಾವ್ದು ಅಂತ ಮೊದ್ಲು ಕ್ಯಾಮೆರಾಕ್ಕೆ ತೋರಿಸಿದ್ರಾ? ಅದ್ನ ನೋಡ್ಕೊಂಡೇ ಅದು ಉಳಿದ ಬಣ್ಣ ಅಳೆಯೋದು.”

“ಅಷ್ಟೂ ಗೊತ್ತಿಲ್ವಾ ನಂಗೆ? ತೋರಿಸ್ದೆ!”

ಪರಮೇಶ ಕ್ಯಾಮೆರಾ ಕಟ್ಟಿಕೊಂಡು ಹೊರಟ. ಅವನ ಮುಖ ಸಪ್ಪಗಾಗಿತ್ತು.

ಸ್ಲೈಡು ತೊಳೆಯುತ್ತಿದ್ದ ಪ್ರಯೋಗಾಲಯದ ಕೆಲಸದಾಕೆ ಗುರುಸಿದ್ದಮ್ಮ ತಲೆಯೆತ್ತಿದಳು. “ಬಿಳಿ ತೋರ್ಸಕ್ಕೆ ರೇಷ್ಮೆಗೂಡಿನ ಚೂರು ಇಟ್ಟಿದ್ಯಲ್ಲವ್ವ, ಅದ್ನ ಅವ್ರಿಗೆ ಯಾಕೆ ಏಳ್ನಿಲ್ಲ?”

ಯಳಂದೂರಿನ ರೇಷ್ಮೆ ಬೆಳೆಗಾರರ ಮಗಳು ಕವಿತ. ಅವಳಿಗೆ ಬಿಳಿ ಎಂದರೆ ಗೂಡು! ಬೆಳಕು ಹಾಗೇ ಹಾಯುವ ಖಾಲಿ ಗಾಜಿನ ಸ್ಲೈಡು ತೋರಿಸಬೇಕೆಂದು ಹೊಳೆದೇ ಇರಲಿಲ್ಲ. ಚೂರನ್ನು ಕಿಟಕಿಗೆ ಹಿಡಿದಳು. ಅದರೊಳಗಿಂದ ತೂರಿಬಂದ ಬೆಳಕು ಹಳದಿ. ಹಳದಿಯನ್ನೇ ಬಿಳಿ ಎಂದು ನಂಬಿಸಿದರೆ ಪಾಪ, ಕ್ಯಾಮೆರಾ ಎಲ್ಲಕ್ಕೂ ನೀಲಿ ಬೆರೆಸದೆ ಏನು ಮಾಡೀತು?

‘ಅಯ್ಯೋ... ಒಳ್ಳೆಯವನನ್ನು ಕಳ್ಳ ಅಂದೆನಲ್ಲ!’

ಬಸ್ ಸ್ಟ್ಯಾಂಡಿಗೆ ಓಡಿದಳು. ಅವನು ಹತ್ತಿ ಕೂತಿದ್ದ ಹನೂರಿನ ಬಸ್ಸು ಹೊರಡುವುದರಲ್ಲಿತ್ತು.

“ಪರಮೇಶ್! ತಪ್ಪು ನಂದು ಕಣ್ರಿ, ಇಳೀರಿ!”

ಬಸ್ಸಿನವರೆಲ್ಲ ತಿರುಗಿ ನೋಡಿದರು. ಅವನು ಕ್ಯಾಮೆರಾ ಪೆಟ್ಟಿಗೆ ಅವುಚಿಕೊಂಡು ಇಳಿದ. ಅವಳು ಏದುಸಿರಿನಲ್ಲೇ ಗೂಡಿನ ಕಥೆ ಹೇಳಿ ಮುಗಿಸಿದಳು.

“ಅಂಗಾದ್ರೆ ಕ್ಯಾಮೆರಾ ಇದೇ ತಕೊಳ್ತೀರಾ?”

“ಇದೇ. ಆದ್ರೆ ನಾನು ಓಡಿ ಬಂದಿದ್ದು ಕ್ಯಾಮೆರಾಕ್ಕಲ್ಲ... ನೀವು ಹೋಗ್ಬಿಡ್ತೀರಿ ಅಂತ.”

ಪರಮೇಶ ಪೆಟ್ಟಿಗೆಯನ್ನು ಅವಳ ಕೈಗಿಟ್ಟ.

“ಇದು ಸುಲಭಕ್ಕೆ ಕೆಡಲ್ಲ ಮೇಡಂ. ಆಮೇಲೆ ನಾನು ಬರೋಕೆ ನೆಪ ಸಿಗಾಕಿಲ್ಲ.”

“ಕೆಡದಿದ್ರೂ ಬನ್ನಿ.”