ಹೊರಡದ ಚನ್ನಿಗಪ್ಪ

೨೦೩೮ನೆಯ ಇಸವಿ ಫೆಬ್ರವರಿ ಒಂಬತ್ತರ ಬೆಳಗ್ಗೆ ಹತ್ತೂ ನಲವತ್ತಕ್ಕೆ ಮನುಷ್ಯನಿಗೂ ಯಂತ್ರಕ್ಕೂ ನಡುವೆ ಒಂದು ಐತಿಹಾಸಿಕ ಬಿಕ್ಕಟ್ಟು ತಲೆದೋರಿತು. ಮನುಷ್ಯಕುಲದ ಪರವಾಗಿ ಕೂತಿದ್ದವರು ಅರವತ್ತೆಂಟು ವರ್ಷದ ನಿವೃತ್ತ ಬಸ್ ಚಾಲಕ ಚನ್ನಿಗಪ್ಪನವರು. ಯಂತ್ರಕುಲದ ಪರವಾಗಿ, ಚಾಲನಾ ಪರವಾನಗಿ ನವೀಕರಣ ಕೇಂದ್ರಕ್ಕೆ ಆ ತಿಂಗಳಷ್ಟೇ ಬಂದಿದ್ದ ‘ಅಭ್ಯಾಸದರ್ಶಕ’. ಚನ್ನಿಗಪ್ಪನವರು ಕಾರು ಹೊರಡಿಸಬೇಕಿತ್ತು, ಯಂತ್ರ ಅದನ್ನು ನೋಡಬೇಕಿತ್ತು. ಹನ್ನೊಂದು ನಿಮಿಷ ಇಬ್ಬರೂ ಮರ್ಯಾದೆಯಿಂದ ಕಾದರು. ಯಾರೂ ಕದಲಲಿಲ್ಲ.

ಹಳೆಯ ಪರೀಕ್ಷೆಗಳ ದೋಷ ಎಲ್ಲರಿಗೂ ಗೊತ್ತಿದ್ದದ್ದೇ. ಪರೀಕ್ಷಕರು ಪಕ್ಕದಲ್ಲಿ ಕೂತಿರುವಷ್ಟು ಹೊತ್ತು ಎಂಥ ಪುಂಡನೂ ಸಾಧುವಾಗುತ್ತಾನೆ. ಆ ನಾಟಕಕ್ಕೆ ತೆರೆ ಎಳೆಯಲೆಂದೇ ಡಾ. ನಫೀಸಾ ಅಭ್ಯಾಸದರ್ಶಕವನ್ನು ಕಂಡುಹಿಡಿದಿದ್ದರು. ನೋಡಲು ಅದೊಂದು ಕಾರಿನ ಅರ್ಧಭಾಗ: ಎರಡು ಆಸನ, ಒಂದು ಸ್ಟೀರಿಂಗು, ಮುಂದೆ ಅಭ್ಯರ್ಥಿಯ ಮನೆಯೆದುರಿನ ರಸ್ತೆಯನ್ನೇ ಮೂಡಿಸುವ ಬೆಳಕಿನ ಪರದೆ. ಕುತ್ತಿಗೆಯ ಹಿಂಬದಿಗೆ ‘ಸಿದ್ಧತಾಪಟ್ಟಿ’ ಎಂಬ ತೆಳುವಾದ ಪಟ್ಟಿ ಅಂಟಿಸುತ್ತಿದ್ದರು. ಕೈಕಾಲು ಆಡುವ ಅರ್ಧ ಸೆಕೆಂಡು ಮೊದಲು ನರಗಳಲ್ಲಿ ಏಳುವ ಸಿದ್ಧತೆಯನ್ನು ಅದು ಓದುತ್ತಿತ್ತು. ಮನುಷ್ಯ ಏನು ಮಾಡಿದ ಎಂಬುದಕ್ಕಿಂತ ಅವನಿಗೆ ಏನು ರೂಢಿಯಾಗಿದೆ ಎಂಬುದೇ ಅದಕ್ಕೆ ಮುಖ್ಯ.

ಚನ್ನಿಗಪ್ಪನವರಿಗೆ ಈ ಪರವಾನಗಿ ಬೇಕಾಗಿದ್ದದ್ದು ಶೋಕಿಗಲ್ಲ. ಅವರ ಹೆಂಡತಿ ಪುಟ್ಟನಂಜಮ್ಮನವರಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಅರಸೀಕೆರೆಯಿಂದ ತಿಪಟೂರಿಗೆ ಹೋಗಿ ಬರಬೇಕು. ಸರ್ಕಾರ ಪುಕ್ಕಟೆಯಾಗಿ ಚಾಲಕರಹಿತ ವಾಹನ ಕಳಿಸುತ್ತಿತ್ತು. ಅದರಲ್ಲಿ ಒಂದೇ ಸಲ ಹೋಗಿದ್ದರು. ವಾಪಸು ಬರುವಾಗ ಪುಟ್ಟನಂಜಮ್ಮನವರ ಮೀನಖಂಡ ಹಿಡಿದುಕೊಂಡಿತು. ಎರಡು ನಿಮಿಷ ಮರದಡಿ ನಿಲ್ಲಿಸಪ್ಪಾ ಎಂದರೆ ವಾಹನ ಕಾರಣ ಕೇಳಿತು. ಕಾರಣ ಹೇಳಿದರೆ ಆಂಬುಲೆನ್ಸ್ ಕರೆಯಲೇ ಎಂದಿತು. ಬೇಡ ಎಂದದ್ದಕ್ಕೆ, ಹಾಗಾದರೆ ನಿಲ್ಲಿಸುವ ಅಗತ್ಯವಿಲ್ಲ ಎಂದು ತೀರ್ಮಾನಿಸಿ ಓಡಿತು. ಇನ್ನು ಆ ಮೊಂಡುಬಸವನ ಸಹವಾಸ ಬೇಡ ಎಂದು ಅವರು ಅವತ್ತೇ ಹೇಳಿಬಿಟ್ಟಿದ್ದರು. ಗಂಡನ ಹಳೆಯ ಗೇರಿನ ಕಾರು ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು. ನಿಂತಲ್ಲಿ ಚನ್ನಿಗಪ್ಪನವರು ಇಳಿದು, ಆ ಕಡೆಯ ಬಾಗಿಲು ತೆಗೆದು, ಮೊಣಕಾಲೂರಿ ಕೂತು ಕಾಲು ನೀವುತ್ತಿದ್ದರು. ಯಾವ ಯಂತ್ರಕ್ಕೂ ಈ ಸೌಲಭ್ಯ ಇನ್ನೂ ಬಂದಿರಲಿಲ್ಲ.

ಇಂಥ ಮನುಷ್ಯ ಈಗ ಹೊರಡುತ್ತಿಲ್ಲ. ಬೆಲ್ಟು ಹಾಕಿದ್ದಾಯಿತು, ಕನ್ನಡಿ ನೋಡಿದ್ದಾಯಿತು, ಕ್ಲಚ್ಚು ಒತ್ತಿ ಒಂದನೇ ಗೇರು ಹಾಕಿದ್ದೂ ಆಯಿತು. ಪರದೆಯ ಮೇಲೆ ಅವರದೇ ಬೀದಿ ಖಾಲಿ ಬಿದ್ದಿದೆ. ಅವರು ಮಾತ್ರ ಯಾರದೋ ದಾರಿ ಕಾಯುವವರಂತೆ ಕೂತಿದ್ದಾರೆ. ಕೊನೆಗೆ, ಹೊಸ ಯಂತ್ರದ ಉಸ್ತುವಾರಿಗೆಂದು ಕೇಂದ್ರದಲ್ಲೇ ಇದ್ದ ನಫೀಸಾ ಹತ್ತಿರ ಬಂದರು.

“ಯಾಕೆ ಯಜಮಾನ್ರೇ, ಹೊರಡ್ಲಿಲ್ಲ?”

“ಹೊರಡೋಣ ಅಂತಾನೇ ಇದ್ದೆ ತಾಯಿ. ಯಾಕೋ ಇನ್ನೂ ಆಗಿಲ್ಲ ಅನ್ನಿಸ್ತು.”

“ಏನಾಗಿಲ್ಲ?”

“ಅದೇ ಗೊತ್ತಾಗ್ತಿಲ್ಲ.”

ಎರಡನೆಯ ಸಲ, ಹೊರಡಿ ಎಂದು ಆಕೆಯೇ ಹೇಳಿದರು. ಚನ್ನಿಗಪ್ಪನವರು ಮನಸ್ಸು ಗಟ್ಟಿ ಮಾಡಿ ಹೊರಟರು. ಆದರೆ ಪ್ರತಿ ತಿರುವಿನಲ್ಲಿ ನಿಂತಾಗಲೂ ಮತ್ತದೇ ಕಥೆ. ನೂರಕ್ಕೆ ಮೂವತ್ತೊಂದು ಅಂಕ ಬಂತು. ಷರಾದಲ್ಲಿ ಯಂತ್ರ, ಚಾಲನೆಯ ಇಚ್ಛೆ ಇದೆ, ಚಾಲನೆ ಇಲ್ಲ ಎಂದು ಬರೆಯಿತು. ಮೂರು ಅವಕಾಶಗಳಲ್ಲಿ ಎರಡು ಮುಗಿದಿದ್ದವು. ಬುಧವಾರ ತಿಪಟೂರಿಗೆ ಹೋಗಬೇಕು. ಆ ವಾಹನದಲ್ಲಿ ಅವಳ ಕಾಲು ಹಿಡಿದುಕೊಂಡರೆ?

ಹೊರಗೆ ಬೆಂಚಿನ ಮೇಲಿದ್ದ ಪುಟ್ಟನಂಜಮ್ಮನವರು ತಡವಾದದ್ದನ್ನು ಕಂಡು ಒಳಗೇ ಬಂದರು. ಸಂಗತಿ ಕೇಳಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಇಪ್ಪತ್ತೊಂಬತ್ತು ವರ್ಷ ಬಸ್ ಓಡಿಸಿದ್ರೋ, ಬರೀ ಹಾರನ್ ಹೊಡ್ಕೊಂಡಿದ್ರೋ ನೀವು?”

ನಿಂತರೆ ಕಾಲು ನೋಯುತ್ತದೆ ಎಂದು ಹೇಳಿ ಅವರು ಖಾಲಿಯಿದ್ದ ಎಡಗಡೆಯ ಆಸನದಲ್ಲಿ ಕೂತರು. ನಫೀಸಾ ಬೇಡವೆನ್ನಲಿಲ್ಲ. ಮೂರನೆಯ ಪರೀಕ್ಷೆ ಶುರುವಾಯಿತು. ಬೆಲ್ಟು, ಕನ್ನಡಿ, ಕ್ಲಚ್ಚು, ಗೇರು. ಪುಟ್ಟನಂಜಮ್ಮನವರು ಚೀಲದಲ್ಲಿ ಮಾತ್ರೆಯ ಡಬ್ಬಿ ಹುಡುಕುತ್ತಾ, ತಲೆಯೆತ್ತದೆ, ತಮಗೇ ಕೇಳಿಸದಷ್ಟು ಸಲೀಸಾಗಿ ಅಂದರು:

“ರೈಟ್.”

ಕಾರು ಹೊರಟಿತು. ನಿಂತಲ್ಲೆಲ್ಲ ಮತ್ತದೇ ‘ರೈಟ್’, ಪರದೆಯ ಮೇಲಿನ ತಿಪಟೂರಿನವರೆಗೂ ಒಂದು ತಪ್ಪಿಲ್ಲ. ಅಂಕ ತೊಂಬತ್ತೆಂಟು.

ಇಪ್ಪತ್ತೊಂಬತ್ತು ವರ್ಷ ಚನ್ನಿಗಪ್ಪನವರು ಕಂಡಕ್ಟರು ‘ರೈಟ್’ ಅನ್ನದೆ ಬಸ್ಸನ್ನು ಒಂದಡಿ ಮುಂದೆ ಬಿಟ್ಟವರಲ್ಲ. ಹತ್ತುವವರು ಹತ್ತಿದರೇ, ಇಳಿಯುವವರು ಇಳಿದರೇ ಎಂಬುದು ಹಿಂದಿನವನ ಕಣ್ಣಿಗೆ ಬಿಟ್ಟದ್ದು. ಹೊರಡುವುದಷ್ಟೇ ಇವರ ಕೆಲಸ. ನಿವೃತ್ತರಾಗಿ ಕಾರು ಕೊಂಡ ಮೊದಲ ದಿನ ಹೆಂಡತಿ ತಮಾಷೆಗೆ ‘ರೈಟ್’ ಎಂದಿರಬೇಕು. ಆಕೆಯಿಲ್ಲದೆ ಕಾರು ಹೊರಗೆ ತೆಗೆಯದ ಎಂಟು ವರ್ಷದಲ್ಲಿ ಅದು ಇಬ್ಬರಿಗೂ ಮರೆತುಹೋಗಿ, ಹಾಗೆ ಮರೆತುಹೋದದ್ದರಿಂದಲೇ ಗಟ್ಟಿಯಾಗಿತ್ತು.

ನಫೀಸಾ ಬಿಡಿಸಿ ಹೇಳಿದಾಗ ಪುಟ್ಟನಂಜಮ್ಮನವರು, ನಾನೆಲ್ಲಿ ಹಾಗೆಲ್ಲ ಅಂತೀನಿ ಎಂದು ವಾದಕ್ಕೇ ನಿಂತರು. ಆದರೆ ಯಂತ್ರದ ಮುಂದೆ ವಾದ ನಡೆಯುವಂತಿರಲಿಲ್ಲ. ಚಾಲನೆಗೆ ಅನಿವಾರ್ಯವಾದ ಪ್ರತಿಯೊಂದು ಭಾಗವನ್ನೂ ಪರೀಕ್ಷಿಸತಕ್ಕದ್ದು ಎಂಬುದು ಅದರ ನಿಯಮ. ಈಗ ಅದು ಪುಟ್ಟನಂಜಮ್ಮನವರನ್ನೂ ಒಂದು ಭಾಗವೆಂದು ಗುರುತಿಸಿಬಿಟ್ಟಿತ್ತು. ಜನ್ಮದಲ್ಲಿ ಸ್ಟೀರಿಂಗು ಮುಟ್ಟದ ಆ ಹೆಂಗಸಿನ ಕುತ್ತಿಗೆಗೂ ಪಟ್ಟಿ ಅಂಟಿಸಿ, ಅಂಕಕ್ಕಲ್ಲದೆ ಬರೀ ಆಕೆಯ ಪರೀಕ್ಷೆಗೆಂದು ಕಾರನ್ನು ಇನ್ನೊಮ್ಮೆ ಹೊರಡಿಸಬೇಕಾಯಿತು.

ಇಬ್ಬರ ಸಿದ್ಧತೆಯ ಎರಡು ಗೆರೆಗಳು ಪರದೆಯ ಮೇಲೆ ಜೊತೆಯಾಗಿ ಮೂಡಿದವು. ನಫೀಸಾ ತುಂಬ ಹೊತ್ತು ನೋಡಿದರು. ಈ ಸಲವೂ ಪುಟ್ಟನಂಜಮ್ಮನವರ ಕಣ್ಣು ಚೀಲದಲ್ಲೇ ಇತ್ತು, ರಸ್ತೆಯನ್ನು ನೋಡಿರಲೇ ಇಲ್ಲ. ಪಕ್ಕದಲ್ಲಿ ಗಂಡನ ಉಸಿರು ಒಂದು ಹದಕ್ಕೆ ಬಂದು, ಭುಜ ಇಳಿದು, ಅವರು ನಿರಾಳವಾದ ಮೇಲೆಯೇ ಆಕೆಯ ನಾಲಿಗೆಯಲ್ಲಿ ಆ ಶಬ್ದದ ಸಿದ್ಧತೆ ಏಳುತ್ತಿತ್ತು. ಅವರು ಇವರಿಗಾಗಿ ಕಾಯುತ್ತಿದ್ದರು, ಇವರು ಅವರಿಗಾಗಿ. ಯಾರು ಮೊದಲು ಎಂಬುದನ್ನು ಯಂತ್ರ ಬೇರ್ಪಡಿಸಲಾರದೆ ಹೋಯಿತು.

ಪರವಾನಗಿಗೆ ಒಂದು ಷರತ್ತು ಹಾಕಬೇಕಾಗುತ್ತದೆ ಎಂದು ನಫೀಸಾ ಸಂಕೋಚದಿಂದಲೇ ಹೇಳಿದರು. ಅಮ್ಮ ಪಕ್ಕದಲ್ಲಿದ್ದಾಗ ಮಾತ್ರ ಇವರು ಕಾರು ಓಡಿಸಬಹುದು.

ಪುಟ್ಟನಂಜಮ್ಮನವರು ಸ್ವಲ್ಪ ಹೊತ್ತು ತಮ್ಮ ಎಡಗೈಯ ಸೂಜಿಗುರುತುಗಳನ್ನು ಸವರಿಕೊಂಡರು.

“ಆಮೇಲೆ ನಾನಿಲ್ದಿದ್ರೆ ಇವರು ಎಲ್ಲಿಗೂ ಹೋಗೋ ಹಂಗೇ ಇಲ್ವಲ್ಲಮ್ಮ.”

“ನೀನಿಲ್ದೆ ನಾನು ಎಲ್ಲಿಗೆ ಹೋಗ್ಬೇಕಾಗಿದೆ ಹೇಳು,” ಎಂದರು ಚನ್ನಿಗಪ್ಪನವರು, ಬೆಲ್ಟು ಬಿಚ್ಚುತ್ತಾ.

ಪರವಾನಗಿಯನ್ನು ಐದು ವರ್ಷಗಳ ಅವಧಿಗೆ, ಒಂದೇ ಕಾರ್ಡಿನಲ್ಲಿ, ಇಬ್ಬರ ಹೆಸರಿಗೆ ನವೀಕರಿಸಲಾಯಿತು.